ಸತ್ತ ಕಂಪ್ಯೂಟರ್‌ನ ಮಹಜರು: ಹಳೆಯ ಮಿನಿಕಂಪ್ಯೂಟರ್‌ಗಳಲ್ಲಿ ಕ್ರ್ಯಾಶ್ ಡಂಪ್ ತೆಗೆಯುವ, ಓದುವ ಬಗೆ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇರುವ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಆಮೇಲೆ ಬಂದ ವರದಿಗಳಲ್ಲೆಲ್ಲ ಒಂದು ಮಾತು ಮತ್ತೆ ಮತ್ತೆ ಕಾಣಿಸಿತು: ಕ್ರ್ಯಾಶ್ ಡಂಪ್ ನೋಡಿ ಕಾರಣ ಪತ್ತೆ ಹಚ್ಚಿದರು, ಪ್ರೋಗ್ರಾಮ್ ತನಗೆ ಸೇರದ ಮೆಮರಿಯನ್ನು ಓದಲು ಹೋಗಿ ಬಿದ್ದಿತ್ತು ಎಂದು. ಈ ಡಂಪ್ ಎಂದರೆ ಏನು, ಅದನ್ನು ಯಾರು ಯಾವಾಗ ತೆಗೆಯುತ್ತಾರೆ, ಅದರಲ್ಲಿ ಏನು ಓದುತ್ತಾರೆ?

ಇವತ್ತಿನ ವಿಂಡೋಸ್‌ನಲ್ಲಿ ಇದನ್ನು ಕಲಿಯಲು ಹೊರಟರೆ ಗಿಗಾಬೈಟ್‌ಗಳ ಕಾಡಿನಲ್ಲಿ ದಾರಿ ತಪ್ಪುತ್ತದೆ. 1970ರ ದಶಕದ ಮಿನಿಕಂಪ್ಯೂಟರ್‌ಗಳು ಇದಕ್ಕೆ ಒಳ್ಳೆಯ ಪಾಠಶಾಲೆ. ಡಿಇಸಿ ಕಂಪನಿಯ ಪಿಡಿಪಿ-11 ಬಂದದ್ದು 1970ರಲ್ಲಿ, ವ್ಯಾಕ್ಸ್-11/780 ಬಂದದ್ದು 1977ರಲ್ಲಿ. ಪಿಡಿಪಿ-11/40 ಮಾದರಿಯ ಪೂರ್ತಿ ಮೆಮರಿ ಹೆಚ್ಚೆಂದರೆ 248 ಕಿಲೋಬೈಟ್. ಅದರ ಮೇಲೆ ಓಡುತ್ತಿದ್ದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಆರನೇ ಆವೃತ್ತಿಯ ಕರ್ನಲ್ (ಯಂತ್ರವನ್ನು ನೇರವಾಗಿ ನಡೆಸುವ ತಿರುಳು) ಹತ್ತು ಸಾವಿರ ಸಾಲಿನ ಆಸುಪಾಸಿನದು, ಒಬ್ಬರೇ ಕುಳಿತು ಪೂರ್ತಿ ಓದಬಹುದು. ಯಂತ್ರ ಹುಡುಕಿಕೊಂಡು ಗುಜರಿಗೆ ಹೋಗಬೇಕಿಲ್ಲ. ಸಿಮ್ಎಚ್ ಎಂಬ ಉಚಿತ ಸಿಮ್ಯುಲೇಟರ್ ಇದೆ, ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಪ್ರೋಗ್ರಾಮ್. ತುಮಕೂರು, ಕೋಲಾರದ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಮೂಲೆಗೆ ಸರಿಸಿದ ಕಂಪ್ಯೂಟರ್ ಮೇಲೂ ಅದು ಆರಾಮವಾಗಿ ಓಡುತ್ತದೆ. ಹಳೆಯ ಯುನಿಕ್ಸ್ ಆವೃತ್ತಿಗಳನ್ನು 2002ರಲ್ಲಿ ಕಾಲ್ಡೆರಾ ಕಂಪನಿ ಮುಕ್ತ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿದೆ. ವ್ಯಾಕ್ಸ್‌ನ ಆಪರೇಟಿಂಗ್ ಸಿಸ್ಟಮ್ ಆದ ವಿಎಂಎಸ್‌ಗೆ ಮಾತ್ರ ಲೈಸೆನ್ಸ್ ಬೇಕು. ಹಾಗಾಗಿ ಹೊಸಬರು ಯುನಿಕ್ಸ್‌ನಿಂದಲೇ ಶುರು ಮಾಡುವುದು ಒಳ್ಳೆಯದು.

(ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

ಡಂಪ್‌ನಲ್ಲಿ ಏನಿರುತ್ತದೆ?

ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿಯಲ್ಲಿ ಲಾರಿಗೆ ಬಸ್ಸು ಗುದ್ದಿತು ಅನ್ನಿ. ಗಾಡಿಗಳನ್ನು ಎಳೆಸುವ ಮೊದಲು ಪೊಲೀಸರು ಪಂಚರನ್ನು ಕರೆದು ಮಹಜರು ಬರೆಸುತ್ತಾರೆ. ಟೈರಿನ ಗುರುತು ಎಲ್ಲಿಂದ ಎಲ್ಲಿಗೆ, ಗಾಜು ಎಲ್ಲಿ ಚೆಲ್ಲಿದೆ, ಗೇರ್ ಯಾವುದರಲ್ಲಿತ್ತು, ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ತಪ್ಪು ಯಾರದು ಎಂದು ಮಹಜರು ಹೇಳುವುದಿಲ್ಲ. ಆದರೆ ಅದಿಲ್ಲದೆ ಯಾರೂ ಹೇಳಲಾರರು. ಕ್ರ್ಯಾಶ್ ಡಂಪ್ ಕೂಡ ಇಷ್ಟೇ. ಯಂತ್ರ ನಿಂತ ಗಳಿಗೆಯಲ್ಲಿ ಮೆಮರಿಯಲ್ಲಿದ್ದ ಪ್ರತಿಯೊಂದು ಬೈಟ್ ಮತ್ತು ಪ್ರೊಸೆಸರ್‌ನ ರಿಜಿಸ್ಟರ್‌ಗಳು (ಅದರೊಳಗಿನ ಪುಟ್ಟ ಸಂಗ್ರಹ ಜಾಗಗಳು), ಇವುಗಳ ನಕಲನ್ನು ಟೇಪ್‌ಗೋ ಡಿಸ್ಕ್‌ಗೋ ಬರೆದಿಡುವುದು.

ರಿಜಿಸ್ಟರ್‌ಗಳಲ್ಲಿ ಮೂರನ್ನು ನೆನಪಿಟ್ಟರೆ ಸಾಕು. ಪ್ರೋಗ್ರಾಮ್ ಕೌಂಟರ್ ಮುಂದಿನ ಆದೇಶ ಯಾವ ವಿಳಾಸದಲ್ಲಿದೆ ಎಂದು ಹೇಳುತ್ತದೆ. ಸ್ಟಾಕ್ ಪಾಯಿಂಟರ್ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಪಳಿಯ ತುದಿ, ಆ ಸರಪಳಿ ಇರುವ ಮೆಮರಿಯೇ ಸ್ಟಾಕ್. ಸ್ಟೇಟಸ್ ವರ್ಡ್ ಆಗ ಓಡುತ್ತಿದ್ದದ್ದು ಕರ್ನಲ್ಲೋ ಬಳಕೆದಾರರ ಪ್ರೋಗ್ರಾಮೋ, ಯಾವ ಇಂಟರಪ್ಟ್‌ಗಳನ್ನು (ಸಾಧನಗಳು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತಗಳನ್ನು) ತಡೆದಿಡಲಾಗಿತ್ತು ಎಂಬುದನ್ನು ತಿಳಿಸುತ್ತದೆ.

ನಿಂತದ್ದನ್ನು ಮತ್ತೆ ಕೆಡವುವುದೇಕೆ?

ಕರ್ನಲ್ ತನ್ನೊಳಗೆ ಏನೋ ಎಡವಟ್ಟಾಗಿದೆ ಎಂದು ತಾನೇ ಕಂಡುಕೊಂಡರೆ ಕೆಲಸ ನಿಲ್ಲಿಸುತ್ತದೆ. ಯುನಿಕ್ಸ್‌ನಲ್ಲಿ ಇದಕ್ಕೆ ಪ್ಯಾನಿಕ್ ಎನ್ನುತ್ತಾರೆ, ವಿಎಂಎಸ್‌ನಲ್ಲಿ ಬಗ್‌ಚೆಕ್. ಇದು ಸುಲಭದ ಸಾವು, ಕನ್ಸೋಲ್ (ಆಪರೇಟರ್‌ನ ಟರ್ಮಿನಲ್) ಮೇಲೆ ಒಂದು ಸಾಲಾದರೂ ಬರೆದು ಹೋಗುತ್ತದೆ. ಕಷ್ಟದ್ದು ಹ್ಯಾಂಗ್. ಸಂದೇಶವಿಲ್ಲ, ಉತ್ತರವಿಲ್ಲ, ದೀಪಗಳು ಮಾತ್ರ ಉರಿಯುತ್ತಿರುತ್ತವೆ. ಆಗ ಎಲ್ಲರ ಕೈಯೂ ಹೋಗುವುದು ರೀಬೂಟ್ ಕಡೆಗೆ. ರೀಬೂಟ್ ಆದರೆ ಹೊಸ ಕರ್ನಲ್ ಹಳೆಯದರ ಮೇಲೆಯೇ ಬಂದು ಕೂರುತ್ತದೆ, ಸಾಕ್ಷ್ಯ ಅಳಿಸಿಹೋಗುತ್ತದೆ. ಆ ಕಾಲದ ಕೋರ್ ಮೆಮರಿ ಕರೆಂಟ್ ಹೋದರೂ ಮರೆಯುತ್ತಿರಲಿಲ್ಲ, ಆದರೂ ಬೂಟ್ ಮಾಡಿದರೆ ಅದೇ ಗತಿ. ಹಾಗಾಗಿ ಹ್ಯಾಂಗ್ ಆದ ಯಂತ್ರವನ್ನು ಡಂಪ್ ಬರೆಯುವ ದಾರಿಗೆ ಬೇಕೆಂದೇ ನೂಕಬೇಕು.

ನೂಕುವ ಮುಂಚೆ ಒಂದು ಪರೀಕ್ಷೆ. ಕನ್ಸೋಲ್‌ನಲ್ಲಿ ಒಂದು ಅಕ್ಷರ ಒತ್ತಿ ನೋಡಿ. ಅದು ತೆರೆಯ ಮೇಲೆ ಮೂಡಿದರೆ ಇಂಟರಪ್ಟ್‌ಗಳು ಇನ್ನೂ ಕೆಲಸ ಮಾಡುತ್ತಿವೆ, ಏಕೆಂದರೆ ಯುನಿಕ್ಸ್ ಅಕ್ಷರವನ್ನು ಮರಳಿ ತೋರಿಸುವುದು ಇಂಟರಪ್ಟ್ ಹೊತ್ತಿನಲ್ಲೇ. ಆಗ ದೋಷ ಯಾವುದೋ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಯಾವುದಕ್ಕೋ ಕಾದು ಕುಳಿತದ್ದರಲ್ಲಿದೆ. ಅಕ್ಷರ ಮೂಡಲೇ ಇಲ್ಲವೆಂದರೆ ಕರ್ನಲ್ ಇಂಟರಪ್ಟ್ ತಡೆದುಕೊಂಡು ಎಲ್ಲೋ ಸುತ್ತುತ್ತಿದೆ. ಈ ಒಂದು ಸಂಗತಿ ಮುಂದೆ ಡಂಪ್‌ನಲ್ಲಿ ಎಲ್ಲಿ ಹುಡುಕಬೇಕು ಎಂಬುದನ್ನೇ ಬದಲಿಸುತ್ತದೆ.

ಪಿಡಿಪಿ-11 ಯುನಿಕ್ಸ್: ವಿಳಾಸ 44

ಆರನೇ ಆವೃತ್ತಿಯ ಯುನಿಕ್ಸ್ ಪ್ಯಾನಿಕ್ ಆದಾಗ ತಾನಾಗಿ ಡಂಪ್ ಬರೆಯುವುದಿಲ್ಲ. ಡಿಸ್ಕ್‌ಗೆ ಹೋಗಬೇಕಾದ ಬಫರ್‌ಗಳನ್ನು ಬರೆದು, ಸಂದೇಶ ಅಚ್ಚು ಮಾಡಿ, ಸುಮ್ಮನೆ ಸುತ್ತುತ್ತಾ ಕೂರುತ್ತದೆ. ಪ್ಯಾನಿಕ್ ಇರಲಿ ಹ್ಯಾಂಗ್ ಇರಲಿ, ಡಂಪ್ ತೆಗೆಯುವುದು ಆಪರೇಟರ್ ಕೆಲಸ. ಅದಕ್ಕಾಗಿ ಮೆಮರಿಯ ತಳದಲ್ಲಿ ಎರಡು ಜಿಗಿತದ ಆದೇಶಗಳನ್ನು ಇಟ್ಟಿದ್ದಾರೆ. ವಿಳಾಸ 40ರಲ್ಲಿರುವುದು ಕರ್ನಲ್‌ನ ಆರಂಭಕ್ಕೆ, 44ರಲ್ಲಿರುವುದು ಡಂಪ್ ಬರೆಯುವ ಭಾಗಕ್ಕೆ. ಪಿಡಿಪಿ-11ರ ವಿಳಾಸಗಳೆಲ್ಲ ಆಕ್ಟಲ್‌ನಲ್ಲಿ, ಅಂದರೆ 0ಯಿಂದ 7ರವರೆಗಿನ ಅಂಕಿಗಳು ಮಾತ್ರ.

ಮೊದಲು ಟೇಪ್. ರೀಲಿನ ಹಿಂಬದಿಯಲ್ಲಿ ಬರೆಯಲು ಬಿಡುವ ಪ್ಲಾಸ್ಟಿಕ್ ಉಂಗುರ ಹಾಕಿರಬೇಕು, ಟೇಪ್ ಶುರುವಿನ ಜಾಗದಲ್ಲಿರಬೇಕು, ಡ್ರೈವ್ ಸಂಖ್ಯೆ 0 ಆಗಿರಬೇಕು. ಆಮೇಲೆ ಹಾಲ್ಟ್ ಸ್ವಿಚ್. ಯಂತ್ರ ನಿಂತ ಕೂಡಲೇ ಪ್ರೋಗ್ರಾಮ್ ಕೌಂಟರ್ ಮತ್ತು ಸ್ಟೇಟಸ್ ವರ್ಡ್ ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಇದನ್ನು ಬಿಟ್ಟವರೇ ಹೆಚ್ಚು, ಆಮೇಲೆ ಪರದಾಡುವವರೂ ಅವರೇ. ಡಂಪ್ ಭಾಗ ಆರ್0ಯಿಂದ ಆರ್5ರವರೆಗಿನ ಸಾಮಾನ್ಯ ರಿಜಿಸ್ಟರ್‌ಗಳು, ಸ್ಟಾಕ್ ಪಾಯಿಂಟರ್ ಮತ್ತು ಕೆಐಎಸ್‌ಎ6 ಎಂಬ ಮೆಮರಿ ನಕ್ಷೆಯ ರಿಜಿಸ್ಟರ್ (ಪ್ರೋಗ್ರಾಮ್ ಬಳಸುವ ವಿಳಾಸ ನಿಜವಾದ ಮೆಮರಿಯಲ್ಲಿ ಎಲ್ಲಿದೆ ಎಂದು ಹೇಳುವುದು ಈ ನಕ್ಷೆ) ಇಷ್ಟನ್ನು ಮಾತ್ರ ಉಳಿಸುತ್ತದೆ. ಪ್ರೋಗ್ರಾಮ್ ಕೌಂಟರ್ ಆ ಪಟ್ಟಿಯಲ್ಲೇ ಇಲ್ಲ.

ಈಗ ಮುಂಭಾಗದ ಸ್ವಿಚ್‌ಗಳಲ್ಲಿ 44 ಇಡಬೇಕು. ಬಲಗಡೆಯಿಂದ 0 ಎಂದು ಎಣಿಸಿದರೆ 2 ಮತ್ತು 5ನೇ ಸ್ವಿಚ್ ಮೇಲೆ, ಉಳಿದವೆಲ್ಲ ಕೆಳಗೆ. ಲೋಡ್ ಅಡ್ರೆಸ್ ಒತ್ತಿ, ಹಾಲ್ಟ್ ಸ್ವಿಚ್ಚನ್ನು ಎನೇಬಲ್‌ಗೆ ಮರಳಿಸಿ, ಸ್ಟಾರ್ಟ್ ಒತ್ತಿ. ಹಾಲ್ಟ್ ಮರಳಿಸದೆ ಸ್ಟಾರ್ಟ್ ಒತ್ತಿದರೆ ರೀಸೆಟ್ ಆಗುತ್ತದೆಯೇ ಹೊರತು ಓಡುವುದಿಲ್ಲ. ಟೇಪ್ ತಿರುಗಲು ಶುರುವಾದರೆ ಎಲ್ಲ ಸರಿ ಎಂದರ್ಥ. 512 ಬೈಟ್‌ಗೊಂದು ರೆಕಾರ್ಡಿನಂತೆ ಮೆಮರಿ ಮುಗಿದು ಎರರ್ ಬರುವವರೆಗೆ ಬರೆದು, ಕೊನೆಗೆ ಫೈಲ್ ಗುರುತು ಹಾಕಿ, ಒಂದೇ ಆದೇಶದ ಮೇಲೆ ಸುತ್ತುತ್ತಾ ನಿಲ್ಲುತ್ತದೆ. 248 ಕಿಲೋಬೈಟ್‌ಗೆ 496 ರೆಕಾರ್ಡ್. ಇಂಚಿಗೆ 800 ಬೈಟ್ ಸಾಂದ್ರತೆಯಲ್ಲಿ ನಡುವಿನ ಖಾಲಿ ಜಾಗವೂ ಸೇರಿ ಸುಮಾರು 50 ಅಡಿ ಟೇಪ್.

ಸಿಮ್ಎಚ್‌ನಲ್ಲಾದರೆ ಕಂಟ್ರೋಲ್-ಇ ಒತ್ತಿದರೆ ಯಂತ್ರ ನಿಲ್ಲುತ್ತದೆ, ಪ್ರೋಗ್ರಾಮ್ ಕೌಂಟರ್ ತಾನೇ ತೆರೆಯ ಮೇಲೆ ಬರುತ್ತದೆ. 'ಎಕ್ಸಾಮಿನ್ ಪಿಎಸ್‌ಡಬ್ಲ್ಯು' ಎಂದರೆ ಸ್ಟೇಟಸ್ ವರ್ಡ್. ಅದರ ಮೇಲಿನ ಎರಡು ಬಿಟ್ 00 ಇದ್ದರೆ ಕರ್ನಲ್, 11 ಇದ್ದರೆ ಬಳಕೆದಾರರ ಪ್ರೋಗ್ರಾಮ್. 'ಅಟ್ಯಾಚ್ ಟಿಎಂ0' ಎಂದು ಖಾಲಿ ಟೇಪ್ ಫೈಲ್ ಜೋಡಿಸಿ 'ರನ್ 44' ಕೊಡಿ. 'ಗೋ 44' ಕೊಡಬೇಡಿ. ರನ್ ಸಾಧನಗಳನ್ನೆಲ್ಲ ರೀಸೆಟ್ ಮಾಡಿ ಓಡಿಸುತ್ತದೆ, ಗೋ ರೀಸೆಟ್ ಮಾಡುವುದಿಲ್ಲ. ಡಂಪ್ ಭಾಗದ ಮೊದಲ ಎರಡು ಆದೇಶಗಳು ಮೆಮರಿ ನಕ್ಷೆ ಇನ್ನೂ ಚಾಲೂ ಇದೆಯೇ ಎಂದು ನೋಡುತ್ತವೆ, ಇದ್ದರೆ ಅಲ್ಲೇ ಸುತ್ತುತ್ತವೆ. ರೀಸೆಟ್ ಆಗದೆ ಆ ಸುತ್ತಿನಿಂದ ಹೊರಬರಲಾಗದು. ಟೇಪ್ ಅಲ್ಲಾಡುತ್ತಿಲ್ಲ ಎಂದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ.

ಇನ್ನೊಂದು ಸೌಕರ್ಯ ಸಿಮ್ಎಚ್‌ನಲ್ಲಿದೆ, ಹಳೆಯ ಆಪರೇಟರ್‌ಗಳು ಕನಸಿನಲ್ಲೂ ಕಾಣದ್ದು. 44ಕ್ಕೆ ಹೋಗುವ ಮುಂಚೆ 'ಸೇವ್' ಕೊಟ್ಟರೆ ಇಡೀ ಯಂತ್ರದ ಸ್ಥಿತಿ ಒಂದು ಫೈಲ್‌ಗೆ ಬರುತ್ತದೆ. ಡಂಪ್ ಕೆಟ್ಟರೂ 'ರಿಸ್ಟೋರ್' ಮಾಡಿ ಅದೇ ಗಳಿಗೆಗೆ ಎಷ್ಟು ಸಲವಾದರೂ ಮರಳಬಹುದು. ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲಿ ಇದನ್ನು ಮೊದಲು ಮಾಡಿ, ಉಳಿದದ್ದು ಆಮೇಲೆ.

ಈ ವಿಧಾನಕ್ಕೆ ಎರಡು ಕೊರತೆಗಳಿವೆ. ರಿಜಿಸ್ಟರ್‌ಗಳನ್ನು ಉಳಿಸುವುದು ವಿಳಾಸ 4ರಿಂದ 22ರವರೆಗೆ. ಬಸ್ ಎರರ್, ತಪ್ಪು ಆದೇಶ ಮುಂತಾದವಕ್ಕೆ ದಾರಿ ತೋರಿಸುವ ವೆಕ್ಟರ್‌ಗಳು ಇರುವುದೂ ಅಲ್ಲೇ. ಅವು ಅಳಿಸಿಹೋಗುವುದರಿಂದ ಡಂಪ್ ಆದಮೇಲೆ ಯಂತ್ರವನ್ನು ಮುಂದುವರಿಸಲಾಗದು, ಬೂಟ್ ಮಾಡಲೇಬೇಕು. ಎರಡನೆಯದು, ಕರ್ನಲ್ ಸೊನ್ನೆ ಪಾಯಿಂಟರ್ (ವಿಳಾಸ ತುಂಬದೆ ಸೊನ್ನೆಯಾಗಿ ಉಳಿದ ಪಾಯಿಂಟರ್) ಮೂಲಕ ತಳದ ಮೆಮರಿಯ ಮೇಲೆ ಕಸ ಬರೆದಿದ್ದರೆ 44ರಲ್ಲಿರುವ ಜಿಗಿತವೇ ಹಾಳಾಗಿರಬಹುದು. ಹಾಲ್ಟ್ ಆದಮೇಲೆ ಆ ವಿಳಾಸವನ್ನು ಒಮ್ಮೆ ಕಣ್ಣಾರೆ ನೋಡಿ ಮುಂದೆ ಹೋಗುವುದು ಜಾಣತನ.

ಆಕ್ಟಲ್‌ನಲ್ಲಿ ಓದುವುದು

ಬೂಟ್ ಆದಮೇಲೆ ಟೇಪ್‌ನ್ನು ಫೈಲ್ ಮಾಡಿ ಮೊದಲು ವಿಳಾಸ 4 ನೋಡಿ. 4ರಲ್ಲಿ ಆರ್0, 6ರಲ್ಲಿ ಆರ್1, 10ರಲ್ಲಿ ಆರ್2, ಹೀಗೆ ಸಾಗಿ 16ರಲ್ಲಿ ಆರ್5, 20ರಲ್ಲಿ ಸ್ಟಾಕ್ ಪಾಯಿಂಟರ್, 22ರಲ್ಲಿ ಕೆಐಎಸ್‌ಎ6. ಕೊನೆಯದೇ ಬೀಗದ ಕೈ. ಆಗ ಓಡುತ್ತಿದ್ದ ಪ್ರೋಸೆಸ್‌ನ ವೈಯಕ್ತಿಕ ಮಾಹಿತಿ ಮತ್ತು ಕರ್ನಲ್ ಸ್ಟಾಕ್ ಎರಡೂ ಒಟ್ಟಿಗೆ 1024 ಬೈಟ್‌ನ ಒಂದು ತುಂಡಿನಲ್ಲಿರುತ್ತವೆ. ಕರ್ನಲ್ ಅದನ್ನು 140000ರಿಂದ ನೋಡುತ್ತದೆ, ನಿಜವಾಗಿ ಅದು ಎಲ್ಲಿದೆ ಎಂದು ಕೆಐಎಸ್‌ಎ6 ಹೇಳುತ್ತದೆ.

ಉದಾಹರಣೆಗೆ 22ರಲ್ಲಿ 1734 ಇದೆ, 20ರಲ್ಲಿ 141650 ಇದೆ ಎಂದಿಟ್ಟುಕೊಳ್ಳಿ. 1734ರ ಮುಂದೆ ಎರಡು ಸೊನ್ನೆ ಹಚ್ಚಿದರೆ 173400, ಇದು ಆ ತುಂಡಿನ ನಿಜವಾದ ವಿಳಾಸ. ಸ್ಟಾಕ್ ಪಾಯಿಂಟರ್ 140000ದಿಂದ 1650 ದೂರದಲ್ಲಿದೆ. ಎರಡನ್ನೂ ಆಕ್ಟಲ್‌ನಲ್ಲಿ ಕೂಡಿದರೆ 175250. ಡಂಪ್‌ನಲ್ಲಿ ಆ ಜಾಗಕ್ಕೆ ಹೋದರೆ ಕರ್ನಲ್ ಸ್ಟಾಕ್‌ನ ತುದಿ ಸಿಗುತ್ತದೆ. ಸ್ಟಾಕ್ ಪಾಯಿಂಟರ್ 140000 ಮತ್ತು 142000ದ ನಡುವೆ ಇಲ್ಲದಿದ್ದರೆ ಲೆಕ್ಕ ಮುಂದುವರಿಸಬೇಡಿ, ಅದೇ ಒಂದು ಸುಳಿವು. ಸ್ಟಾಕ್ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಉಕ್ಕಿದರೆ ಅದೇ ತುಂಡಿನ ತಳದಲ್ಲಿರುವ ಪ್ರೋಸೆಸ್ ಮಾಹಿತಿಯನ್ನು ಸದ್ದಿಲ್ಲದೆ ತಿನ್ನುತ್ತದೆ.

ಮುಂದೆ ಆರ್5 ಹಿಡಿದು ಹಿಂದಕ್ಕೆ ನಡೆಯಬೇಕು. ಸಿ ಭಾಷೆಯ ಪ್ರತಿ ಫಂಕ್ಷನ್ ತನ್ನನ್ನು ಕರೆದ ಫಂಕ್ಷನ್‌ನ ಆರ್5ನ್ನು ಸ್ಟಾಕ್‌ನಲ್ಲಿ ಇಡುತ್ತದೆ. ಆರ್5 ತೋರಿಸುವ ಜಾಗದಲ್ಲಿ ಹಿಂದಿನ ಆರ್5, ಅದರ ಮುಂದಿನ ವರ್ಡ್‌ನಲ್ಲಿ ಮರಳಬೇಕಾದ ವಿಳಾಸ. ಈ ವಿಳಾಸಗಳನ್ನು ಬರೆದುಕೊಂಡು, 'ಎನ್‌ಎಂ -ಎನ್' ಕೊಡುವ ಕರ್ನಲ್ ಹೆಸರುಗಳ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಅದಕ್ಕಿಂತ ಚಿಕ್ಕದಾದ, ಅತಿ ಹತ್ತಿರದ ಹೆಸರನ್ನು ಹುಡುಕಿ. ಅದೇ ಫಂಕ್ಷನ್. ನಾಲ್ಕೈದು ಹೆಜ್ಜೆ ಹಿಂದೆ ಹೋಗುವಷ್ಟರಲ್ಲಿ ಯಾವ ಸಿಸ್ಟಮ್ ಕಾಲ್‌ನಿಂದ (ಪ್ರೋಗ್ರಾಮ್ ಕರ್ನಲ್‌ಗೆ ಕೊಟ್ಟ ಕರೆಯಿಂದ) ಶುರುವಾಯಿತು ಎಂಬುದು ಕಾಣುತ್ತದೆ.

ಪ್ಯಾನಿಕ್ ಟ್ರ್ಯಾಪ್‌ನಿಂದ, ಅಂದರೆ ಪ್ರೊಸೆಸರ್ ತಾನೇ ದೋಷ ಕಂಡು ಕರ್ನಲ್‌ಗೆ ಜಿಗಿದದ್ದರಿಂದ, ಬಂದಿದ್ದರೆ ಕನ್ಸೋಲ್ ಮೇಲೆ ಕೆಎ6, ಎಪಿಎಸ್, ಟ್ರ್ಯಾಪ್ ಟೈಪ್ ಎಂಬ ಸಾಲುಗಳಿರುತ್ತವೆ. ಕೆಎ6 ಮೇಲೆ ಹೇಳಿದ ಬೀಗದ ಕೈಯೇ. ಎಪಿಎಸ್ ಎಂದರೆ ಸ್ಟೇಟಸ್ ವರ್ಡ್ ಉಳಿಸಿದ ಜಾಗ, ಅದಕ್ಕಿಂತ 2 ಕಡಿಮೆ ವಿಳಾಸದಲ್ಲಿ ಬಿದ್ದ ಗಳಿಗೆಯ ಪ್ರೋಗ್ರಾಮ್ ಕೌಂಟರ್ ಸಿಗುತ್ತದೆ. ಟ್ರ್ಯಾಪ್ ಟೈಪ್ 0 ಎಂದರೆ ಬಸ್ ಎರರ್, ಅಂದರೆ ಇಲ್ಲದ ಸಾಧನವನ್ನೋ ಬೆಸ ವಿಳಾಸವನ್ನೋ ಮುಟ್ಟಿದ್ದು. 1 ತಪ್ಪು ಆದೇಶ, 4 ಕರೆಂಟ್ ಹೋದದ್ದು, ಆಕ್ಟಲ್ 11 ನಕ್ಷೆಯ ಹೊರಗಿನ ಮೆಮರಿ. ನಮ್ಮ ಕಡೆ ಕರೆಂಟ್ ಹೋಗುವುದಕ್ಕೂ ಸಿಮ್ಯುಲೇಟರ್‌ನ ಟೈಪ್ 4ಕ್ಕೂ ಸಂಬಂಧವಿಲ್ಲ. ಅದು ಹೋದರೆ ಕೆಳಗಿನ ಕಂಪ್ಯೂಟರ್ರೇ ಆರಿಹೋಗುತ್ತದೆ, ಟ್ರ್ಯಾಪ್‌ಗೆ ಪುರುಸೊತ್ತಿರುವುದಿಲ್ಲ.

1979ರ ಏಳನೇ ಆವೃತ್ತಿಯಲ್ಲಿ ಕೆಲಸ ಸ್ವಲ್ಪ ಹಗುರ. ಎಡಿಬಿ ಎಂಬ ಡಿಬಗರ್ ಇದೆ. ಡಂಪ್‌ನ್ನು ಯುಎಸ್‌ಆರ್ ಕೆಳಗಿನ ಎಸ್‌ವೈಎಸ್ ಡೈರೆಕ್ಟರಿಯಲ್ಲಿ 'ಕೋರ್' ಎಂಬ ಹೆಸರಿನಲ್ಲಿಟ್ಟು 'ಪಿಎಸ್ ಕೆ' ಕೊಟ್ಟರೆ ಯಂತ್ರ ನಿಂತಾಗ ಯಾವ ಯಾವ ಪ್ರೋಸೆಸ್ ಇದ್ದವು ಎಂದು ಪಟ್ಟಿ ಬರುತ್ತದೆ.

ವ್ಯಾಕ್ಸ್ ವಿಎಂಎಸ್: ಮೊದಲೇ ಜಾಗ ಮಾಡಿಡಬೇಕು

ವಿಎಂಎಸ್ ತಾನೇ ಡಂಪ್ ಬರೆಯುತ್ತದೆ, ಆದರೆ ಜಾಗ ಮೊದಲೇ ಇದ್ದರೆ ಮಾತ್ರ. ಸಿಸ್ಟಮ್ ಡೈರೆಕ್ಟರಿಯಲ್ಲಿ ಸಿಸ್‌ಡಂಪ್.ಡಿಎಂಪಿ ಎಂಬ ಫೈಲ್ ಬೇಕು, ಡಂಪ್‌ಬಗ್ ಎಂಬ ಪ್ಯಾರಾಮೀಟರ್ 1 ಇರಬೇಕು. ಫೈಲ್ ಅಳತೆಯ ಲೆಕ್ಕ ಸುಲಭ. ವ್ಯಾಕ್ಸ್‌ನ ಒಂದು ಪುಟ 512 ಬೈಟ್, ಡಿಸ್ಕ್‌ನ ಒಂದು ಬ್ಲಾಕ್ ಕೂಡ 512. 8 ಮೆಗಾಬೈಟ್ ಮೆಮರಿಗೆ 16,384 ಬ್ಲಾಕ್, ಜೊತೆಗೆ ಹೆಡರ್ ಮತ್ತು ಎರರ್ ಲಾಗ್‌ಗೆ ಕೆಲವು. ಮೆಮರಿ ಬೋರ್ಡ್ ಹೆಚ್ಚಿಸಿ ಫೈಲ್ ಬೆಳೆಸಲು ಮರೆತರೆ ಡಂಪ್ ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಸಿಕ್ಕಿತಲ್ಲ ಎಂದು ಸಮಾಧಾನ ಪಡುವಂತಿಲ್ಲ. ಎಲ್ಲ ವಿಳಾಸಗಳನ್ನು ಬಿಡಿಸುವ ಸಿಸ್ಟಮ್ ಪೇಜ್ ಟೇಬಲ್ ಇರುವುದು ಮೆಮರಿಯ ಮೇಲ್ತುದಿಯಲ್ಲಿ. ಅದು ತಪ್ಪಿಹೋದರೆ ಉಳಿದದ್ದು ಓದಲು ಬಾರದ ಕಂತೆ. ಹೊಸ ಫೈಲ್ ಮಾಡಿದರೂ ಅದು ಬಳಕೆಗೆ ಬರುವುದು ಮುಂದಿನ ಬೂಟ್‌ನಿಂದ.

ಸಿಸ್‌ಡಂಪ್ ಇಲ್ಲದಿದ್ದರೆ ಪೇಜ್‌ಫೈಲ್‌ಗೆ, ಅಂದರೆ ಮೆಮರಿಯಲ್ಲಿ ಹಿಡಿಸದ ಪುಟಗಳನ್ನು ಇಡುವ ಡಿಸ್ಕ್ ಫೈಲ್‌ಗೆ, ಬರೆಸಬಹುದು. ಆಗ ಸೇವ್‌ಡಂಪ್ ಪ್ಯಾರಾಮೀಟರ್ 1 ಇಲ್ಲವೆಂದರೆ ಬೂಟ್ ಆಗುತ್ತಲೇ ಪೇಜಿಂಗ್ ಅದರ ಮೇಲೆ ಬರೆಯಲು ಶುರುಮಾಡುತ್ತದೆ. ಸಿಸ್‌ಡಂಪ್ ಆದರೂ ಮುಂದಿನ ಕ್ರ್ಯಾಶ್‌ನಲ್ಲಿ ಅಳಿಯುತ್ತದೆ, ಆದ್ದರಿಂದ ಸ್ಟಾರ್ಟಪ್ ಫೈಲ್‌ನಲ್ಲೇ ನಕಲು ತೆಗೆಯುವ ಸಾಲು ಹಾಕಿಡುವುದು ವಾಡಿಕೆ.

ಕೆಡವಲು ಎರಡು ದಾರಿ. ಟರ್ಮಿನಲ್ ಇನ್ನೂ ಉತ್ತರಿಸುತ್ತಿದ್ದರೆ ಸಿಎಂಕರ್ನಲ್ ಅಧಿಕಾರವಿರುವ ಖಾತೆಯಿಂದ ಆಪ್‌ಸಿಕ್ರ್ಯಾಶ್ ಓಡಿಸಿದರೆ ಆಯಿತು. ಉತ್ತರವಿಲ್ಲದಿದ್ದರೆ ಕನ್ಸೋಲ್‌ನಲ್ಲಿ ಕಂಟ್ರೋಲ್-ಪಿ, ಮೈಕ್ರೋವ್ಯಾಕ್ಸ್‌ನಲ್ಲಾದರೆ ಹಾಲ್ಟ್ ಗುಂಡಿ. ನಿಂತ ಪ್ರೋಗ್ರಾಮ್ ಕೌಂಟರ್ ಬರೆದುಕೊಳ್ಳಿ. 'ಇ ಪಿಎಸ್‌ಎಲ್' ಎಂದು ಸ್ಟೇಟಸ್ ನೋಡಿ. 'ಇ/ಐ 0'ಯಿಂದ 4ರವರೆಗೆ ನೋಡಿದರೆ ಕರ್ನಲ್, ಎಕ್ಸಿಕ್ಯುಟಿವ್, ಸೂಪರ್‌ವೈಸರ್, ಯೂಸರ್, ಇಂಟರಪ್ಟ್ ಎಂಬ ಐದು ಸ್ಟಾಕ್ ಪಾಯಿಂಟರ್‌ಗಳು ಸಿಗುತ್ತವೆ. ವ್ಯಾಕ್ಸ್‌ನ ಸಂಖ್ಯೆಗಳು ಹೆಕ್ಸ್‌ನಲ್ಲಿ, ಅಂದರೆ 0ಯಿಂದ 9, ಆಮೇಲೆ ಎಯಿಂದ ಎಫ್. ಬಳಿಕ ಪ್ರೋಗ್ರಾಮ್ ಕೌಂಟರ್‌ಗೆ ಎಂಟು ಎಫ್, ಅಂದರೆ ಮೈನಸ್ 1. ಸ್ಟೇಟಸ್‌ಗೆ 1ಎಫ್0000, ಅಂದರೆ ಕರ್ನಲ್ ಮೋಡ್, ಇಂಟರಪ್ಟ್ ಮಟ್ಟ 31. ಕೊನೆಗೆ ಕಂಟಿನ್ಯೂ. ಎಲ್ಲೂ ಇಲ್ಲದ ವಿಳಾಸದಿಂದ ಆದೇಶ ತರಲು ಹೋಗಿ, ಅದೂ ಯಾವ ದೋಷವನ್ನೂ ಸಹಿಸದ ಮಟ್ಟದಲ್ಲಿ, ವಿಎಂಎಸ್ ಇನ್‌ವಿಎಕ್ಸೆಪ್ಟಿಎನ್ ಎಂಬ ಬಗ್‌ಚೆಕ್ ಹೊಡೆದು ಡಂಪ್ ಬರೆಯುತ್ತದೆ. ಬರೆದು ಮುಗಿಯುವವರೆಗೆ ಕನ್ಸೋಲ್ ಮುಟ್ಟಬಾರದು.

ಡಂಪ್ ತೆರೆದಾಗ ಕಾಣುವ ಈ ಇನ್‌ವಿಎಕ್ಸೆಪ್ಟಿಎನ್ ಹಿಂದೆ ಹೋಗಬೇಡಿ, ಅದು ನೀವೇ ಮಾಡಿದ್ದು. ನಿಜವಾದ ಜಾಡು ಕಾಗದದ ಮೇಲಿದೆ.

ಒಂದು ಸಿಗ್ನಲ್ ಅರೇ, ಹತ್ತಿರದಿಂದ

'ಅನಲೈಜ್/ಕ್ರ್ಯಾಶ್_ಡಂಪ್' ಕೊಟ್ಟರೆ ಎಸ್‌ಡಿಎ ಎಂಬ ಓದುಗ ತೆರೆದುಕೊಳ್ಳುತ್ತದೆ. 'ಶೋ ಕ್ರ್ಯಾಶ್' ಕಾರಣ ಹೇಳುತ್ತದೆ, 'ಶೋ ಸಮ್ಮರಿ' ಪ್ರೋಸೆಸ್‌ಗಳ ಪಟ್ಟಿ ಕೊಡುತ್ತದೆ, 'ಶೋ ಸ್ಟಾಕ್' ಸ್ಟಾಕ್ ಬಿಚ್ಚಿಡುತ್ತದೆ. ಹ್ಯಾಂಗ್ ಆಗಿದ್ದರೆ ಸಮ್ಮರಿಯಿಂದ ಶುರು ಮಾಡಿ. ಹತ್ತಾರು ಪ್ರೋಸೆಸ್ ಆರ್‌ಡಬ್ಲ್ಯುಎನ್‌ಪಿಜಿ ಸ್ಥಿತಿಯಲ್ಲಿದ್ದರೆ ಪೇಜ್ ಆಗದ ಪೂಲ್ ಮೆಮರಿ (ಡಿಸ್ಕ್‌ಗೆ ಹೋಗದೆ ಸದಾ ಮೆಮರಿಯಲ್ಲೇ ಇರುವ, ಸಿಸ್ಟಮ್ ಬಳಸುವ ಜಾಗ) ಮುಗಿದಿದೆ, ಅದನ್ನು ತಿಂದದ್ದು ಯಾರು ಎಂದು 'ಶೋ ಪೂಲ್'ನಲ್ಲಿ ಹುಡುಕಬೇಕು.

ತಾನಾಗಿ ಬಿದ್ದದ್ದಾದರೆ ಸ್ಟಾಕ್‌ನಲ್ಲಿ ಸಿಗ್ನಲ್ ಅರೇ, ಅಂದರೆ ದೋಷದ ವಿವರಗಳ ಪಟ್ಟಿ, ಹುಡುಕಿ. ಮಾದರಿಗೆ ಇಂಥದ್ದೊಂದು:

00000005
0000000ಸಿ
00000000
00000008
80124306
04080004

5 ಎಂದರೆ ಮುಂದೆ ಐದು ಸಂಗತಿಗಳಿವೆ. ಸಿ ಎಂದರೆ ಅಕ್ಸೆಸ್ ವಯೊಲೇಶನ್, ಮುಟ್ಟಬಾರದ ಮೆಮರಿ ಮುಟ್ಟಿದ್ದು. ಮೂರನೆಯದು ಕಾರಣದ ಮುಖವಾಡ. ಅದರಲ್ಲಿ 4ರ ಬಿಟ್ ಇದ್ದಿದ್ದರೆ ಬರೆಯಲು ಹೋಗಿದ್ದು, ಇಲ್ಲಿ ಸೊನ್ನೆ, ಅಂದರೆ ಓದಲು ಹೋಗಿದ್ದು. ನಾಲ್ಕನೆಯದು ಮುಟ್ಟಿದ ವಿಳಾಸ, 8. ಐದನೆಯದು ಆಗಿನ ಪ್ರೋಗ್ರಾಮ್ ಕೌಂಟರ್. 80000000ದಿಂದ ಮೇಲಿರುವುದು ಸಿಸ್ಟಮ್ ಜಾಗ, ಹಾಗಾಗಿ ಬಿದ್ದದ್ದು ಕರ್ನಲ್ಲೋ, ಯಾವುದೋ ಸಾಧನವನ್ನು ನಡೆಸುವ ಡ್ರೈವರೋ. ಕೊನೆಯದು ಸ್ಟೇಟಸ್. ಇಂಟರಪ್ಟ್ ಸ್ಟಾಕ್ ಮೇಲಿದ್ದ, ಮಟ್ಟ 8ರಲ್ಲಿದ್ದ ಕೆಲಸ, ಡ್ರೈವರ್‌ಗಳು ಇಂಟರಪ್ಟ್ ಮುಗಿಸಿ ಉಳಿದ ಕೆಲಸ ಮಾಡಿಕೊಳ್ಳುವ ಮಟ್ಟ.

ವಿಳಾಸ 8 ಯಾಕೆ? ವಿಎಂಎಸ್‌ನ ಡೇಟಾ ಕಟ್ಟುಗಳಲ್ಲಿ ಸಾಮಾನ್ಯವಾಗಿ ಮೊದಲ 8 ಬೈಟ್ ಹಿಂದಿನ-ಮುಂದಿನ ಕೊಂಡಿಗಳು, 8ನೇ ಬೈಟ್‌ನಿಂದ ಆ ಕಟ್ಟಿನ ಅಳತೆ. ಅಂದರೆ ಯಾರೋ ಸೊನ್ನೆ ಪಾಯಿಂಟರ್ ಹಿಡಿದು ಅದರ ಅಳತೆ ಓದಲು ಹೋಗಿದ್ದಾರೆ. 'ಎಕ್ಸಾಮಿನ್/ಇನ್‌ಸ್ಟ್ರಕ್ಷನ್' ಕೊಟ್ಟು ಆ ಜಾಗದಲ್ಲಿ ಆರ್2ನ್ನು ಆಧರಿಸಿದ ಆದೇಶ ಕಂಡು, ಆರ್2 ಸೊನ್ನೆ ಇದ್ದರೆ ಗುಮಾನಿ ಖಚಿತ. ಇಲ್ಲಿಗೆ ಅರ್ಧ ದಾರಿ ಮಾತ್ರ. ಈ ಆದೇಶದ ತಪ್ಪೇನಿಲ್ಲ, ಆರ್2ಗೆ ಸೊನ್ನೆ ಕೊಟ್ಟದ್ದು ಬೇರೆ ಯಾರೋ. ಸ್ಟಾಕ್‌ನಲ್ಲಿ ಹಿಂದೆ ನಡೆದು ಪಾಯಿಂಟರ್ ಎಲ್ಲಿಂದ ಬಂತು ಎಂದು ಹುಡುಕಬೇಕು. ಸಿಕ್ಕ ವಿಳಾಸದಿಂದ ಡ್ರೈವರ್ ಲೋಡ್ ಆದ ವಿಳಾಸ ಕಳೆದು, ಲಿಂಕ್ ಮ್ಯಾಪ್ (ಪ್ರೋಗ್ರಾಮ್‌ನ ಯಾವ ಭಾಗ ಯಾವ ವಿಳಾಸದಲ್ಲಿದೆ ಎಂಬ ಪಟ್ಟಿ) ಜೊತೆ ತಾಳೆ ನೋಡಿದರೆ ಮೂಲದ ಸಾಲು ಗೊತ್ತಾಗುತ್ತದೆ.

ಡಿಇಸಿಯ ಉಳಿದ ಸಿಸ್ಟಮ್‌ಗಳಲ್ಲೂ ಬಗೆ ಇದೇ, ಹೆಸರು ಬೇರೆ. ಆರ್‌ಎಸ್‌ಎಕ್ಸ್-11ರಲ್ಲಿ ಸಿಡಿಎ ಎಂಬ ಓದುಗ. ಆರ್‌ಎಸ್‌ಟಿಎಸ್‌ನಲ್ಲಿ ಕ್ರ್ಯಾಶ್.ಎಸ್‌ವೈಎಸ್ ಎಂಬ ಫೈಲ್, ಅದನ್ನು ಓದಲು ಅನಾಲಿಸ್.

ಮನೆಯಲ್ಲಿ ಮಾಡುವವರಿಗೆ

ಮೊದಲ ಡಂಪ್ ಆರೋಗ್ಯವಾಗಿರುವ ಯಂತ್ರದ್ದಾಗಿರಲಿ. ಲಾಗಿನ್ ಆಗಿ, ಹಿನ್ನೆಲೆಯಲ್ಲಿ ಎರಡು ಸ್ಲೀಪ್ ಪ್ರೋಸೆಸ್ ಬಿಟ್ಟು, ಕಂಟ್ರೋಲ್-ಇ ಒತ್ತಿ 44ಕ್ಕೆ ಹೋಗಿ. ಸರಿಯಿದ್ದಾಗ ಸ್ಟಾಕ್ ಹೇಗಿರುತ್ತದೆ ಎಂದು ನೋಡದವರಿಗೆ ಕೆಟ್ಟದ್ದು ಕಂಡರೂ ಗೊತ್ತಾಗುವುದಿಲ್ಲ.

ಸಿಮ್ಎಚ್‌ನ ಟೇಪ್ ಫೈಲನ್ನು ಯುನಿಕ್ಸ್ ಒಳಗೆ ಓದದೆ ನೇರವಾಗಿ ಲಿನಕ್ಸ್‌ನ 'ಓಡಿ' ಎಂಬ, ಬೈಟ್‌ಗಳನ್ನು ತೋರಿಸುವ ಕಮಾಂಡ್‌ನಲ್ಲಿ ತೆರೆಯುವವರು ಒಂದು ವಿಷಯ ಗಮನಿಸಬೇಕು. ಆ ಫೈಲ್‌ನಲ್ಲಿ ಪ್ರತಿ ರೆಕಾರ್ಡ್‌ನ ಹಿಂದೆ 4 ಬೈಟ್, ಮುಂದೆ 4 ಬೈಟ್ ಉದ್ದದ ಸಂಖ್ಯೆ ಇರುತ್ತದೆ. 512 ಬೈಟ್‌ನ ರೆಕಾರ್ಡ್ ಫೈಲ್‌ನಲ್ಲಿ 520 ಬೈಟ್ ಆಗುತ್ತದೆ. ಹಾಗಾಗಿ ಮೆಮರಿಯ ವಿಳಾಸ 4 ಫೈಲ್‌ನಲ್ಲಿ 8ನೇ ಬೈಟ್‌ನಲ್ಲಿದೆ. ಮುಂದಿನ ವಿಳಾಸಗಳಿಗೆ ದಶಮಾನದಲ್ಲಿ 512ರಿಂದ ಭಾಗಿಸಿ, ಭಾಗಲಬ್ಧವನ್ನು 520ರಿಂದ ಗುಣಿಸಿ, ಶೇಷವನ್ನೂ 4ನ್ನೂ ಕೂಡಿಸಬೇಕು. ಮೇಲಿನ ಉದಾಹರಣೆಯ ಆಕ್ಟಲ್ 175250 ದಶಮಾನದಲ್ಲಿ 64,168. 512ರಿಂದ ಭಾಗಿಸಿದರೆ 125, ಶೇಷ 168. 125ನ್ನು 520ರಿಂದ ಗುಣಿಸಿದರೆ 65,000, ಅದಕ್ಕೆ 168 ಮತ್ತು 4 ಸೇರಿಸಿದರೆ 65,172. ಸ್ಟಾಕ್‌ನ ತುದಿ ಇರುವುದು ಅಲ್ಲಿ.